ಗ್ಲೌಸ್ ಐದು, ನಂಬರ್ ಐದು: ಕಸ್ಟಮ್ಸ್‌ನಲ್ಲಿ ಹೆಸರಿಗೆ ನಡೆಯುವ ಜಗಳ

ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಸೇಫ್ಟಿ ಗ್ಲೌಸ್ ತೋರಿಸಿ’ ಅನ್ನಿ. ‘ಯಾವ ಕೆಲಸಕ್ಕೆ ಸಾರ್?’ ಅಂತ ಕೇಳುತ್ತಾರೆ. ನೀವು ಸುಮ್ನೆ ನಿಂತರೆ ಒಂದೊಂದೇ ಜೊತೆ ತೆಗೆದು ಕೌಂಟರ್ ಮೇಲೆ ಹಾಕುತ್ತಾರೆ. ವೆಲ್ಡಿಂಗ್ ಮಾಡುವವರಿಗೆ ಮೊಣಕೈವರೆಗೆ ಬರುವ ಚರ್ಮದ್ದು. ಆಸಿಡ್ ಮುಟ್ಟುವವರಿಗೆ ದಪ್ಪ ರಬ್ಬರಿನದ್ದು. ಮೂಟೆ, ಇಟ್ಟಿಗೆ ಎತ್ತುವವರಿಗೆ ಕ್ಯಾನ್ವಾಸ್ ಬಟ್ಟೆ ಹೊಲಿದದ್ದು. ಪ್ಯಾಕಿಂಗ್ ಮಾಡುವವರಿಗೆ ತೆಳು ಪ್ಲಾಸ್ಟಿಕ್ಕಿನದ್ದು. ಕೊನೆಗೆ ಈಗ ಎಲ್ಲ ಕಡೆ ಕಾಣುವ ಇನ್ನೊಂದು ಜಾತಿ: ಹಿಂಭಾಗ ಬನಿಯನ್ ಥರ ಹೆಣೆದ ನೂಲು, ಅಂಗೈ ಭಾಗವನ್ನು ಮಾತ್ರ ನೈಟ್ರೈಲ್ ಅನ್ನುವ ಕಪ್ಪು ಕೃತಕ ರಬ್ಬರಿನಲ್ಲಿ ಅದ್ದಿ ತೆಗೆದದ್ದು.

ಅಂಗಡಿಯವರಿಗೆ ಇವೆಲ್ಲ ಒಂದೇ ಕಪಾಟಿನ ಮಾಲು. ಕಸ್ಟಮ್ಸ್ ಪುಸ್ತಕದಲ್ಲಿ ಮಾತ್ರ ಐದಕ್ಕೂ ಬೇರೆ ಬೇರೆ ವಿಳಾಸ. ಚರ್ಮದ್ದು 4203. ರಬ್ಬರಿನದ್ದು 4015. ನೇಯ್ದ ಬಟ್ಟೆಯದ್ದು 6216. ಪ್ಲಾಸ್ಟಿಕ್ಕಿನದ್ದು 3926. ಹೆಣೆದು ಅದ್ದಿದ್ದು 6116. ವಿಳಾಸ ಬದಲಾದರೆ ಕಟ್ಟಬೇಕಾದ ಸುಂಕವೂ ಬದಲಾಗಬಹುದು. ತಂದವರು ಒಂದು ನಂಬರ್ ಬರೆದು, ಅಧಿಕಾರಿ ‘ಅಲ್ಲ, ಇನ್ನೊಂದು’ ಅಂದರೆ ಅದಕ್ಕೆ ವರ್ಗೀಕರಣದ ವ್ಯಾಜ್ಯ ಅನ್ನುತ್ತಾರೆ. ವ್ಯಾಪಾರದವರ ಬಾಯಲ್ಲಿ ಅದು ‘ಕ್ಲಾಸಿಫಿಕೇಶನ್ ಇಶ್ಯೂ’.

ಇದು ದೊಡ್ಡ ಆಮದುದಾರರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದ ಜಾಗದ ಸುರಕ್ಷತೆಯೂ ಅದರಲ್ಲಿ ಒಂದು. ಹೆಲ್ಮೆಟ್, ಶೂ, ಮಾಸ್ಕ್ ಬಗ್ಗೆ ಸಣ್ಣ ವರ್ಕ್‌ಶಾಪಿನವರೂ ವಿಚಾರಿಸುತ್ತಿದ್ದಾರೆ. ‘ಹೊರಗಿಂದ ನಾವೇ ತರಿಸಿದರೆ ಹೇಗೆ?’ ಅನ್ನುವವರು ಮೊದಲು ಎಡವುವ ಕಲ್ಲು ಈ ನಂಬರ್.

## ನಂಬರ್ ಅಂದರೆ ಏನು?

ಪಿನ್ ಕೋಡ್ ನೆನಪಿಸಿಕೊಳ್ಳಿ. 560001 ಅಂದಾಗ 5 ಅನ್ನೋದು ದಕ್ಷಿಣದ ಒಂದು ವಲಯ, 560 ಅಂದರೆ ಬೆಂಗಳೂರು, ಕೊನೆಯ ಅಂಕಿಗಳು ಅಂಚೆ ಕಚೇರಿ. ಎಡದಿಂದ ಬಲಕ್ಕೆ ಓದುತ್ತಾ ಹೋದಂತೆ ಜಾಗ ಚಿಕ್ಕದಾಗುತ್ತದೆ. ಸರಕಿನ ಕೋಡ್ ಕೂಡ ಹಾಗೇ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿಗೆ ‘ಹೆಡ್ಡಿಂಗ್’, ಆರು ಅಂಕಿಗೆ ‘ಸಬ್ ಹೆಡ್ಡಿಂಗ್’. ನಮ್ಮ ದೇಶದಲ್ಲಿ ಇನ್ನೂ ಎರಡು ಅಂಕಿ ಸೇರಿಸಿ ಎಂಟು ಮಾಡಿದ್ದಾರೆ.

ಅದ್ದಿದ ಗ್ಲೌಸಿನ ಕೋಡ್ 6116 10 00 ಅನ್ನೇ ಬಿಡಿಸಿ ನೋಡಿ. 61 ಅಂದರೆ ಹೆಣೆದ ಉಡುಪುಗಳ ಅಧ್ಯಾಯ. 6116 ಅಂದರೆ ಹೆಣೆದ ಕೈಗವಸುಗಳು. 6116 10 ಅಂದರೆ ಅವುಗಳಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರ್ ಬಳಿದದ್ದು, ಅದ್ದಿದ್ದು.

ಈ ಪದ್ಧತಿಗೆ ಹಾರ್ಮೊನೈಸ್ಡ್ ಸಿಸ್ಟಮ್ ಅಂತ ಹೆಸರು. ಜಿಎಸ್‌ಟಿ ಬಿಲ್ಲಿನಲ್ಲಿ ಕಾಣುವ ‘ಎಚ್‌ಎಸ್‌ಎನ್ ಕೋಡ್’ ಇದೇ ಮನೆಯದು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆ ಇದನ್ನು ನೋಡಿಕೊಳ್ಳುತ್ತದೆ. 1988ರ ಜನವರಿ 1ರಿಂದ ಬಳಕೆಯಲ್ಲಿದೆ. ಇನ್ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಇದನ್ನೇ ಬಳಸುತ್ತವೆ. ಮೊದಲ ಆರು ಅಂಕಿ ಎಲ್ಲರಿಗೂ ಒಂದೇ. ಹಾಗಾಗಿ ಮಲೇಷ್ಯಾದ ಮಾರಾಟಗಾರ ಇನ್‌ವಾಯ್ಸ್‌ನಲ್ಲಿ ಬರೆದ ಆರು ಅಂಕಿ ನಮ್ಮಲ್ಲೂ ಹೊಂದಬೇಕು. ಹೊಂದದೇ ಇರುವುದೂ ಉಂಟು. ಪುಸ್ತಕ ಒಂದೇ ಆದರೂ ಓದುವ ಕಣ್ಣು ಬೇರೆ ಅಲ್ವಾ?

ಭಾರತದಲ್ಲಿ ಈ ಪಟ್ಟಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೋಡ್ ಎದುರಿಗೇ ಸುಂಕದ ದರ. ಈ ದರದ ಪಟ್ಟಿಗೇ ‘ಟ್ಯಾರಿಫ್’ ಅನ್ನೋದು. 2025ರಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರವರೆಗೆ ಹೇರಿದ್ದನ್ನೂ ಪತ್ರಿಕೆಗಳು ಇದೇ ಪದದಲ್ಲಿ ಬರೆದವು. ಆದರೆ ದರ ಎಷ್ಟಿರಬೇಕು ಅನ್ನೋದು ಒಂದು ಜಗಳ, ನನ್ನ ಸರಕು ಯಾವ ಸಾಲಿನಲ್ಲಿ ಕೂರಬೇಕು ಅನ್ನೋದು ಇನ್ನೊಂದು. ಮೊದಲನೆಯದು ಸರ್ಕಾರಗಳ ನಡುವಿನ ಮಾತು. ಎರಡನೆಯದು ನಿಮ್ಮ ಮತ್ತು ಅಧಿಕಾರಿಯ ನಡುವಿನದು.

## ‘ಸುರಕ್ಷತೆ’ಗೆ ಅಧ್ಯಾಯವೇ ಇಲ್ಲ

ಗೊಂದಲದ ಬೇರು ಇಲ್ಲಿದೆ. ಬ್ರಸೆಲ್ಸ್‌ನ ಪಟ್ಟಿಯಲ್ಲಿ 97 ಅಧ್ಯಾಯಗಳಿಗೆ ನಂಬರ್ ಇದೆ. ಅದರಲ್ಲಿ 77 ಖಾಲಿ ಬಿಟ್ಟದ್ದು. ಕುದುರೆಗೆ ಜಾಗ ಇದೆ, ಕೊಡೆಗೆ ಒಂದು ಅಧ್ಯಾಯವೇ ಇದೆ. ಆದರೆ ‘ಕೈಗಾರಿಕಾ ಸುರಕ್ಷತಾ ಸಾಧನ’ ಅನ್ನುವ ಅಧ್ಯಾಯ ಇಲ್ಲ.

ನಾವು ವಸ್ತುವನ್ನು ಉಪಯೋಗದಿಂದ ಗುರುತಿಸುತ್ತೇವೆ. ತಲೆ ಕಾಯೋದು, ಕಣ್ಣು ಕಾಯೋದು, ಕೈ ಕಾಯೋದು. ಪಟ್ಟಿ ಬಹಳ ಕಡೆ ‘ಇದು ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು’ ಅಂತ ಕೇಳುತ್ತದೆ. ಹಾಗಾಗಿ ಒಬ್ಬ ಕೆಲಸಗಾರನ ಮೈಮೇಲಿನ ಸಾಮಾನು ಪುಸ್ತಕದ ಉದ್ದಕ್ಕೂ ಚದುರಿ ಹೋಗುತ್ತದೆ. ಹೆಲ್ಮೆಟ್ ಟೋಪಿಗಳ ಜೊತೆ 65ನೇ ಅಧ್ಯಾಯಕ್ಕೆ ಹೋಗುತ್ತದೆ. ಶೂ ಚಪ್ಪಲಿಗಳ ಜೊತೆ 64ಕ್ಕೆ. ಕನ್ನಡಕ ಮೈಕ್ರೋಸ್ಕೋಪ್, ಕ್ಯಾಮೆರಾಗಳಿರುವ 90ಕ್ಕೆ, ಅಲ್ಲಿ 9004. ಬೆಂಕಿ ಆರಿಸುವ ಸಿಲಿಂಡರ್ 8424ಕ್ಕೆ, ಆದರೆ ಅದಕ್ಕೆ ತುಂಬುವ ಪುಡಿ ರಾಸಾಯನಿಕಗಳ ಸಾಲಿನ 3813ಕ್ಕೆ. ಲೈಫ್ ಜಾಕೆಟ್ ಇರುವುದು 6307ರಲ್ಲಿ. ಅದೇ ಹೆಡ್ಡಿಂಗ್‌ನಲ್ಲಿ ನೆಲ ಒರೆಸುವ ಬಟ್ಟೆಯೂ ಇದೆ.

ಅಲ್ಲೊಂದು ಇಲ್ಲೊಂದು ಕಡೆ ಪಟ್ಟಿ ಉಪಯೋಗವನ್ನೂ ಕೇಳುತ್ತದೆ. 4203 29 10 ಅಂದರೆ ‘ಕೈಗಾರಿಕೆಯಲ್ಲಿ ಬಳಸುವ’ ಚರ್ಮದ ಗ್ಲೌಸ್. 6506 10 ಅಂದರೆ ಸುರಕ್ಷತೆಯ ಶಿರಸ್ತ್ರಾಣ. ಅದರೊಳಗೆ ಭಾರತದ ಪಟ್ಟಿಯಲ್ಲಿ 6506 10 10 ಅಂತ ಒಂದು ಸಾಲಿದೆ: ‘ಸ್ಪೀಡ್‌ಗ್ಲಾಸ್ ವೆಲ್ಡಿಂಗ್ ಹೆಲ್ಮೆಟ್ ಅಥವಾ ಕೈಗಾರಿಕಾ ಬಳಕೆಯ ಇತರ ಹೆಲ್ಮೆಟ್’. ಮಾರುಕಟ್ಟೆಯ ಒಂದು ಬ್ರ್ಯಾಂಡ್ ಹೆಸರನ್ನೇ ಹೋಲುವ ಪದ ಕಾನೂನಿನ ಪಟ್ಟಿಯೊಳಗೆ ಕೂತಿದೆ. ಒಂದೊಂದು ಸಾಲನ್ನು ಯಾರು, ಯಾವಾಗ, ಯಾಕೆ ಹೀಗೆ ಬರೆದರೋ ಅನ್ನಿಸುತ್ತದೆ. ಆದರೆ ಬರೆದಾದ ಮೇಲೆ ಆ ಪದಗಳೇ ಕಾನೂನು. ವೆಲ್ಡಿಂಗ್ ಬೆಳಕಿಗೆ ತಾನೇ ಕತ್ತಲಾಗುವ ಗಾಜನ್ನು ಹೆಲ್ಮೆಟ್ಟಿನಿಂದ ಬಿಚ್ಚಿ ಅದನ್ನಷ್ಟೇ ತರಿಸಿದರೆ ಅದು ಶಿರಸ್ತ್ರಾಣ ಅಲ್ಲ. ಹೊಸದಾಗಿ ಜಾಗ ಹುಡುಕಬೇಕು.

ಪದದ ಮೇಲೆ ದರ ನಿಲ್ಲುವುದು ನಮಗೆ ಹೊಸದಲ್ಲ. 2020ರಲ್ಲಿ ಬೆಂಗಳೂರಿನ ಆಹಾರ ಕಂಪನಿಯೊಂದು ಪರೋಟಾಗೂ ರೊಟ್ಟಿಯ ಥರ ಶೇ 5 ಜಿಎಸ್‌ಟಿ ಅಂತ ಕೇಳಿತ್ತು. ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ‘ಅಲ್ಲ, ಶೇ 18’ ಅಂದಿತು. ಚಪಾತಿ, ರೊಟ್ಟಿ ಹಾಗೇ ತಿನ್ನಬಹುದು, ಇದನ್ನು ಬಿಸಿ ಮಾಡಬೇಕು ಅನ್ನೋದು ವಾದ. ದೇಶವೆಲ್ಲ ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ಪರೋಟಾಗೆ ತೆರಿಗೆಯೇ ಇಲ್ಲ, ಆ ಮಾತು ಬೇರೆ. ಗ್ಲೌಸಿನ ಜಗಳವೂ ಪರೋಟಾ ಜಗಳದ ಜಾತಿಯದ್ದೇ.

## ಲೆಕ್ಕ ಎಷ್ಟು ವ್ಯತ್ಯಾಸ ಆಗುತ್ತೆ?

ನಿಜವಾದ ದರಗಳು ಬಜೆಟ್‌ಗೊಮ್ಮೆ, ಅಧಿಸೂಚನೆಗೊಮ್ಮೆ ಬದಲಾಗುತ್ತವೆ. ಲೆಕ್ಕದ ರೀತಿ ಗೊತ್ತಾಗಲಿ ಅಂತ ಸುಮ್ನೆ ಎರಡು ದರ ಇಟ್ಟುಕೊಳ್ಳೋಣ. ಮಾಲಿನ ಬೆಲೆ 10 ಲಕ್ಷ ರೂಪಾಯಿ. ನೀವು ಹಾಕಿದ ಕೋಡ್‌ಗೆ ಮೂಲ ಸುಂಕ ಶೇ 10. ಅಧಿಕಾರಿ ಹೇಳುವ ಕೋಡ್‌ಗೆ ಶೇ 20.

ನಿಮ್ಮ ಲೆಕ್ಕದಲ್ಲಿ ಮೂಲ ಸುಂಕ 1 ಲಕ್ಷ. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 10 ಸಾವಿರ. ಬೆಲೆ, ಸುಂಕ, ಸರ್‌ಚಾರ್ಜ್ ಸೇರಿ 11.10 ಲಕ್ಷ. ಅದರ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲೆ ಕಟ್ಟುವ ಜಿಎಸ್‌ಟಿ) ಅಂದರೆ 1,99,800. ಒಟ್ಟು ಕಟ್ಟಬೇಕಾದ್ದು 3,09,800 ರೂಪಾಯಿ.

ಅಧಿಕಾರಿಯ ಲೆಕ್ಕದಲ್ಲಿ ಸುಂಕ 2 ಲಕ್ಷ, ಸರ್‌ಚಾರ್ಜ್ 20 ಸಾವಿರ, ಐಜಿಎಸ್‌ಟಿ 2,19,600. ಒಟ್ಟು 4,39,600. ಅಂತರ 1,29,800.

ಇದರಲ್ಲಿ ಐಜಿಎಸ್‌ಟಿಯ 19,800 ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಅಂದರೆ ಮಾರುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಉಳಿದ 1.10 ಲಕ್ಷ ಕೈಯಿಂದ ಹೋದದ್ದೇ. ಮಾಲು ಆಗಲೇ ಮಾರಿ ಆಗಿದ್ದರೆ ಗಿರಾಕಿಯನ್ನು ಹುಡುಕಿಕೊಂಡು ಹೋಗಿ ‘ಸ್ವಾಮಿ, ಇನ್ನೂ ಸ್ವಲ್ಪ ಕೊಡಿ’ ಅನ್ನೋಕಾಗುತ್ತಾ?

ಚಪ್ಪಲಿ, ಶೂಗಳ ಕಡೆ ಈ ಬಿಸಿ ಜಾಸ್ತಿ. ದೇಶದೊಳಗಿನ ತಯಾರಕರನ್ನು ಕಾಯೋಕೆ ಅಂತ 2020ರ ಬಜೆಟ್‌ನಲ್ಲಿ ಅವುಗಳ ಮೂಲ ಸುಂಕವನ್ನು ಶೇ 25ರಿಂದ 35ಕ್ಕೆ ಏರಿಸಲಾಗಿತ್ತು. ಹಣ ಒಂದೇ ಅಲ್ಲ. ವ್ಯಾಪಾರ ಒಪ್ಪಂದ ಇರುವ ದೇಶದಿಂದ ತಂದರೆ ಸಿಗುವ ರಿಯಾಯಿತಿಯೂ ಕೋಡ್ ನೋಡಿಯೇ ಸಿಗೋದು. ರಬ್ಬರ್ ಗ್ಲೌಸ್ ಹೆಚ್ಚಾಗಿ ಮಲೇಷ್ಯಾದಿಂದ ಬರುವುದರಿಂದ ಇದು ಸಣ್ಣ ಮಾತಲ್ಲ. ಜೊತೆಗೆ ಸುರಕ್ಷತಾ ಶೂಗಳಿಗೆ ಐಎಸ್ 15298 ಮಾನಕ ಕಡ್ಡಾಯ ಮಾಡುವ ಆದೇಶವನ್ನು 2020ರಲ್ಲಿ ಹೊರಡಿಸಿದರು. ‘ಇದು ಸೇಫ್ಟಿ ಶೂ’ ಅಂದರೆ ಐಎಸ್‌ಐ ಗುರುತು ಎಲ್ಲಿ ಅನ್ನುವ ಪ್ರಶ್ನೆಯೂ ಬರುತ್ತದೆ.

## ಯಾವ ಸಾಲಿಗೆ ಅಂತ ತೀರ್ಮಾನ ಮಾಡೋದು ಹೇಗೆ?

ಅಧಿಕಾರಿಯ ಮನಸ್ಸಿಗೆ ಬಂದಂತೆ ಅಲ್ಲ, ಆಮದುದಾರನಿಗೆ ಕಡಿಮೆ ದರ ಇದೆ ಅಂತಲೂ ಅಲ್ಲ. ಪುಸ್ತಕದ ಮೊದಲಲ್ಲೇ ಓದುವ ಆರು ನಿಯಮಗಳನ್ನು ಕೊಟ್ಟಿದ್ದಾರೆ. ಅವನ್ನು ಮೆಟ್ಟಿಲಿನ ಹಾಗೆ ಒಂದೊಂದಾಗಿ ಹತ್ತಬೇಕು. ಹಾರಿ ಹತ್ತುವ ಹಾಗಿಲ್ಲ.

ಮೊದಲ ಮೆಟ್ಟಿಲಿಗೇ ಹೆಚ್ಚು ತೂಕ. ಹೆಡ್ಡಿಂಗ್‌ನಲ್ಲಿರುವ ಪದಗಳು ಮತ್ತು ಆ ಅಧ್ಯಾಯದ ಟಿಪ್ಪಣಿಗಳು ಏನು ಹೇಳುತ್ತವೋ ಅದೇ ಸರಿ. ಅಧ್ಯಾಯದ ಶೀರ್ಷಿಕೆ ಹುಡುಕೋಕೆ ಅನುಕೂಲ ಆಗಲಿ ಅಂತ ಇರೋದು, ಅದಕ್ಕೆ ಕಾನೂನಿನ ಬಲ ಇಲ್ಲ. ಬಹಳ ಸರಕುಗಳ ಹಣೆಬರಹ ಇಲ್ಲೇ ಮುಗಿಯುತ್ತದೆ. ಎರಡನೆಯದು ಬಿಡಿಭಾಗಗಳಾಗಿ ಬಂದ ಮಾಲು, ಬೆರಕೆ ಮಾಲಿನ ಬಗ್ಗೆ. ಮೂರನೆಯದು ಒಂದೇ ಸರಕು ಎರಡು ಕಡೆ ಹೊಂದಿದಾಗ ಏನು ಮಾಡಬೇಕು ಅನ್ನೋದು. ಹೆಚ್ಚು ನಿಖರವಾಗಿ ಹೆಸರಿಸಿದ ಹೆಡ್ಡಿಂಗ್ ಗೆಲ್ಲುತ್ತದೆ. ಅದೂ ಆಗದಿದ್ದರೆ ಸರಕಿಗೆ ಮುಖ್ಯ ಗುಣ ಕೊಡುವ ಭಾಗ ಯಾವುದು ಅಂತ ನೋಡಬೇಕು. ಅದೂ ಗೊತ್ತಾಗದಿದ್ದರೆ ನಂಬರಿನ ಸಾಲಿನಲ್ಲಿ ಕೊನೆಗೆ ಬರುವ ಹೆಡ್ಡಿಂಗ್. 3926ಕ್ಕೂ 6216ಕ್ಕೂ ಸಮ ಬಂದರೆ 6216. ಇಲ್ಲಿ ಕ್ಯೂನ ಕೊನೆಯವನಿಗೆ ಗೆಲುವು. ಉಳಿದ ಮೂರು ನಿಯಮ ಅಪರೂಪದ ಸರಕು, ಪೆಟ್ಟಿಗೆ-ಚೀಲ ಮತ್ತು ಒಳಗಿನ ಉಪವಿಭಾಗಗಳ ಬಗ್ಗೆ.

ಕೆನಡಾದ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಗ್ಲೂ ವಿಕ್ಸ್ಕಿ ಅನ್ನುವ ಕಂಪನಿ ಐಸ್ ಹಾಕಿ ಆಟದ ಗೋಲ್‌ಕೀಪರ್‌ಗಳ ಗ್ಲೌಸ್ ತರಿಸಿತ್ತು. ಹೊರಗೆ ಬಟ್ಟೆ, ಏಟು ತಡೆಯೋಕೆ ಪ್ಲಾಸ್ಟಿಕ್. ನಮ್ಮ ಫ್ಯಾಕ್ಟರಿ ಗ್ಲೌಸಿಗೆ ಹತ್ತಿರದ ನೆಂಟ. ಕಸ್ಟಮ್ಸ್ ಇದನ್ನು 6216, ಅಂದರೆ ಕೈಗವಸು ಅಂದಿತು. ಕಂಪನಿ 3926, ಪ್ಲಾಸ್ಟಿಕ್ ವಸ್ತು ಅಂದಿತು. ಕಂಪನಿಯ ವಾದ ಹೀಗಿತ್ತು: ಬೆರಕೆ ಮಾಲು ಆದ್ದರಿಂದ ಎರಡನೇ ನಿಯಮದಿಂದ ಪ್ಲಾಸ್ಟಿಕ್ ಹೆಡ್ಡಿಂಗ್‌ಗೂ ಬರುತ್ತದೆ, ಆಮೇಲೆ ಮೂರನೇ ನಿಯಮಕ್ಕೆ ಹೋಗಿ ಮುಖ್ಯ ಗುಣ ನೋಡೋಣ. ನ್ಯಾಯಮಂಡಳಿಯಲ್ಲಿ ಕಸ್ಟಮ್ಸ್ ಗೆದ್ದಿತು, ಮೇಲಿನ ಕೋರ್ಟಿನಲ್ಲಿ ಕಂಪನಿ ಗೆದ್ದಿತು. 2016ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮತ್ತೆ ಕಸ್ಟಮ್ಸ್ ಕಡೆ ಹೇಳಿತು. ಮೊದಲ ಮೆಟ್ಟಿಲು ಬಿಟ್ಟು ಎರಡನೆಯದಕ್ಕೆ ಕಾಲಿಡಬೇಡಿ ಅನ್ನೋದು ತೀರ್ಪಿನ ತಿರುಳು. ಪ್ಲಾಸ್ಟಿಕ್ ಹೆಡ್ಡಿಂಗ್‌ಗೆ ಬರಬೇಕಾದರೆ ಪ್ಲಾಸ್ಟಿಕ್ ಹಾಳೆಗಳನ್ನು ಹೊಲಿದೋ ಅಂಟಿಸಿಯೋ ಮಾಡಿದ ವಸ್ತು ಆಗಿರಬೇಕು ಅನ್ನುವ ವಿವರಣೆ ಇತ್ತು. ಈ ಗ್ಲೌಸ್‌ನಲ್ಲಿ ಪ್ಲಾಸ್ಟಿಕ್ ಇದ್ದದ್ದು ಒಳಗಿನ ಮೆತ್ತೆಯಾಗಿ. ಹಾಗಾಗಿ ಆ ಬಾಗಿಲು ತೆರೆಯಲೇ ಇಲ್ಲ.

ಈ ‘ವಿವರಣೆ’ಗಳನ್ನೂ ಬ್ರಸೆಲ್ಸ್‌ನ ಸಂಘಟನೆಯೇ ಪ್ರಕಟಿಸುತ್ತದೆ. ಅವೇ ಕಾನೂನಲ್ಲ. ಆದರೆ ನಂಬಬಹುದಾದ ಕೈದೀಪ ಅಂತ ನಮ್ಮ ಸುಪ್ರೀಂ ಕೋರ್ಟ್ ಕೂಡ 1995ರ ವುಡ್ ಕ್ರಾಫ್ಟ್ ಪ್ರಕರಣದಿಂದ ಒಪ್ಪಿಕೊಂಡು ಬಂದಿದೆ.

## ಬರಿಗಣ್ಣು, ವಾಲ್ವ್, ಬೀಪ್ ಸದ್ದು

ಜಗಳ ಎಲ್ಲಿ ಹುಟ್ಟುತ್ತದೆ ಅಂತ ನೋಡೋಕೆ ಸರಕನ್ನು ಕೈಗೆ ತೆಗೆದುಕೊಳ್ಳಬೇಕು.

ಒಂದು ಸೇಫ್ಟಿ ಶೂ. ಮುಂಭಾಗ ಚರ್ಮ, ಪಕ್ಕದಲ್ಲಿ ಗಾಳಿಯಾಡುವ ಜಾಲರಿ ಬಟ್ಟೆ, ಹಿಮ್ಮಡಿಯಲ್ಲಿ ರೆಕ್ಸಿನ್. ಇದು ಚರ್ಮದ ಶೂ ಹೌದೋ ಅಲ್ಲವೋ? ನಿಯಮ ಹೇಳುವುದು: ಮೇಲ್ಭಾಗದಲ್ಲಿ ಹೊರಗೆ ಕಾಣುವ ಜಾಗದಲ್ಲಿ ಯಾವುದು ಹೆಚ್ಚು ಹರಡಿದೆಯೋ ಅದೇ ಅದರ ವಸ್ತು. ಬಕಲ್, ಅಂಚುಪಟ್ಟಿ, ಹಿಮ್ಮಡಿ ಗಂಟಿನ ಬಲಪಟ್ಟಿ ಇವನ್ನು ಲೆಕ್ಕಕ್ಕೆ ಹಿಡಿಯಬಾರದು. ಅಂದರೆ ಶೂವನ್ನು ಬಿಡಿಸಿ ವಿಸ್ತೀರ್ಣ ಅಳೆಯಬೇಕು. ಚರ್ಮ ಗೆದ್ದರೆ 6403, ಬಟ್ಟೆ ಗೆದ್ದರೆ 6404, ಪ್ಲಾಸ್ಟಿಕ್ ಗೆದ್ದರೆ 6402. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಇದ್ದು ಅದು ‘ಬರಿಗಣ್ಣಿಗೆ ಕಂಡರೆ’ ಪ್ಲಾಸ್ಟಿಕ್ ಅಂತಲೇ ಎಣಿಸಬೇಕು. ಯಾರ ಬರಿಗಣ್ಣು ಅಂತ ನೀವು ಕೇಳಬಹುದು. ವಾದ ಅಲ್ಲಿಂದಲೇ ಶುರುವಾಗೋದು.

ಅದೇ ಶೂವಿನ ಮೂತಿಯಲ್ಲಿ ಕಾಲ್ಬೆರಳು ಕಾಯುವ ಗಟ್ಟಿ ಬುರುಡೆ ಇರುತ್ತದೆ. ಮೇಲ್ಭಾಗ ಚರ್ಮದ್ದಾಗಿದ್ದು ಬುರುಡೆ ಉಕ್ಕಿನದ್ದಾದರೆ 6403 40, ಯಾಕೆಂದರೆ ಆ ಸಾಲಿನಲ್ಲಿ ‘ಲೋಹದ’ ಅನ್ನುವ ಪದ ಇದೆ. ಈಗ ಹಗುರ ಇರಲಿ ಅಂತ ಫೈಬರ್‌ನಿಂದಲೂ ಮಾಡುತ್ತಾರೆ. ಬೆರಳು ಕಾಯುವ ಕೆಲಸ ಅದೇ. ಆದರೆ ಲೋಹ ಅಲ್ಲ, ಹಾಗಾಗಿ ಆ ಸಾಲಿಗೆ ಸೇರುವುದಿಲ್ಲ.

ಮಾಸ್ಕ್ ಕತೆ ಇನ್ನೂ ಸೂಕ್ಷ್ಮ. 9020 ಅನ್ನೋದು ಉಸಿರಾಟದ ಸಾಧನ ಮತ್ತು ಗ್ಯಾಸ್ ಮಾಸ್ಕ್‌ಗಳ ಹೆಡ್ಡಿಂಗ್. ಆದರೆ ಅದರಲ್ಲೇ ಒಂದು ಷರತ್ತಿದೆ: ಯಾಂತ್ರಿಕ ಭಾಗವೂ ಇಲ್ಲದ, ಬದಲಾಯಿಸಬಹುದಾದ ಫಿಲ್ಟರೂ ಇಲ್ಲದ ಮಾಸ್ಕ್ ಇಲ್ಲಿಗೆ ಬರುವುದಿಲ್ಲ. ಪೇಂಟ್ ಹೊಡೆಯುವವರು ಹಾಕುವ, ಎರಡು ಕಡೆ ತಿರುಗಿಸಿ ಬಿಚ್ಚುವ ಡಬ್ಬಿ ಇರುವ ಮಾಸ್ಕ್ 9020. ಕೋವಿಡ್ ಕಾಲದಲ್ಲಿ ಎಲ್ಲರೂ ಹಾಕಿಕೊಂಡ ಎನ್95 ಬಟ್ಟೆ ಸಾಮಾನಿನ 6307ಕ್ಕೆ ಹೋಯಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ ವಿಶ್ವ ಕಸ್ಟಮ್ಸ್ ಸಂಘಟನೆ ಹೊರಡಿಸಿದ ಪಟ್ಟಿಯಲ್ಲೂ ಹೀಗೇ ಇತ್ತು. ಈಗ ಎನ್95ಗೆ ಉಸಿರು ಹೊರಬಿಡುವ ಬಿಲ್ಲೆಯಂಥ ವಾಲ್ವ್ ಹಾಕಿದ್ದಾರೆ ಅನ್ನಿ. ಒಳಗೆ ತೆಳು ರಬ್ಬರ್ ತಟ್ಟೆಯೊಂದು ಮೇಲೆ ಕೆಳಗೆ ಆಡುತ್ತದೆ. ಅದು ಯಾಂತ್ರಿಕ ಭಾಗವೋ ಅಲ್ಲವೋ? ಬೆರಳ ತುದಿಯಷ್ಟಿರುವ ಆ ತಟ್ಟೆಯ ಮೇಲೆ ಇಡೀ ಕಂಟೇನರಿನ ಕೋಡ್ ನಿಲ್ಲುತ್ತದೆ.

ಗ್ಯಾಸ್ ಡಿಟೆಕ್ಟರ್‌ನಲ್ಲಿ ಇಂಥದ್ದೇ ಇಬ್ಬಂದಿ. ಗಾಳಿಯಲ್ಲಿ ವಿಷಾನಿಲ ಎಷ್ಟಿದೆ ಅಂತ ಅಂಕಿಯಲ್ಲಿ ತೋರಿಸಿದರೆ ಅದು ಅಳೆಯುವ ಉಪಕರಣ, 9027. ಮಿತಿ ದಾಟಿದಾಗ ಬೀಪ್ ಅಂತ ಕೂಗಿದರೆ ಎಚ್ಚರಿಕೆ ಗಂಟೆ, 8531. ಈಗಿನ ಸಾಧನ ಎರಡೂ ಮಾಡುತ್ತದೆ. ಇಲ್ಲಿ ಟಿಪ್ಪಣಿಯೊಂದು ದಾರಿ ತೋರಿಸುತ್ತದೆ: 90ನೇ ಅಧ್ಯಾಯದ ವಸ್ತುವಾಗಿದ್ದರೆ ಅದು 85ಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದ್ದು ‘ಇದು ಕೂಗುತ್ತಾ?’ ಅಂತ ಅಲ್ಲ, ‘ಇದು ಅಳೆಯುತ್ತಾ?’ ಅಂತ.

ಮತ್ತೆ ಗ್ಲೌಸ್. ಅದ್ದಿದ ಗ್ಲೌಸನ್ನು ಒಳಹೊರಗು ಮಾಡಿ ನೋಡಿ. ಬೆರಳ ತುದಿವರೆಗೂ ಹೆಣಿಗೆ ಕಾಣುತ್ತದೆ, ಹೊಲಿಗೆ ಇಲ್ಲ. ಇದು 6116 ಅನ್ನೋದಕ್ಕೆ ಅನುಮಾನ ಕಡಿಮೆ. ದಪ್ಪ ರಬ್ಬರ್ ಗ್ಲೌಸನ್ನು ಹಾಗೇ ಮಗುಚಿದರೆ ಕೆಲವದರಲ್ಲಿ ಒಳಗೆ ಹತ್ತಿಯ ನವಿರು ಪದರ ಅಂಟಿರುತ್ತದೆ. ಅದು ರಬ್ಬರ್ ಗ್ಲೌಸಿನ ಒಳ ಮೈಯೋ, ಬಟ್ಟೆ ಗ್ಲೌಸಿಗೆ ಬಳಿದ ರಬ್ಬರೋ? 4015ಕ್ಕೂ 6116ಕ್ಕೂ ನಡುವಿನ ಗಡಿ ಈ ಪದರದಲ್ಲಿದೆ.

## ನೋಟಿಸ್ ಬಂದ ಮೇಲೆ

2011ರಿಂದ ಸ್ವಯಂ ನಿರ್ಧಾರ ಪದ್ಧತಿ ಇದೆ. ಬಿಲ್ ಆಫ್ ಎಂಟ್ರಿ ಅನ್ನುವ ಆಮದು ಘೋಷಣೆಯ ಕಾಗದದಲ್ಲಿ ಕೋಡ್ ಬರೆದು, ಸುಂಕ ಲೆಕ್ಕ ಹಾಕಿ ಕಟ್ಟೋದು ಆಮದುದಾರನ ಜವಾಬ್ದಾರಿ. ಕೆಲಸ ಮಾಡಿಕೊಡೋರು ಕಸ್ಟಮ್ಸ್ ಬ್ರೋಕರ್. ವ್ಯಾಪಾರದವರು ಈಗಲೂ ಹಳೇ ಹೆಸರಲ್ಲಿ ‘ಸಿಎಚ್‌ಎ’ ಅಂತಲೇ ಕರೆಯುತ್ತಾರೆ. ‘ಸಿಎಚ್‌ಎ ಹಾಕಿದ ಕೋಡ್ ಸಾರ್, ನನಗೇನು ಗೊತ್ತು’ ಅನ್ನುವ ಮಾತು ಮುಂದೆ ನಡೆಯುವುದಿಲ್ಲ.

ಮೊದಲು ಮಾಲು ಬಂದ ಬಂದರಿನಲ್ಲೇ ಅಧಿಕಾರಿ ಕಾಗದ ನೋಡುತ್ತಿದ್ದರು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈನಲ್ಲಿ ‘ಮುಖರಹಿತ’ ಪರಿಶೀಲನೆ ಶುರುವಾಯಿತು. ಆಮೇಲೆ ಇಡೀ ದೇಶಕ್ಕೆ ಬಂತು. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಇಳಿದ ಗ್ಲೌಸಿನ ಕಾಗದವನ್ನು ಬೇರೆ ಊರಿನ ಅಧಿಕಾರಿ ತೆರೆಯ ಮೇಲೆ ನೋಡಬಹುದು. ಗ್ಲೌಸ್ ಅವರ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಕಾಗದದಲ್ಲಿ ಬರೆದ ವಿವರಣೆಗೆ ಬೆಲೆ ಜಾಸ್ತಿಯಾಗಿದೆ. ‘ಸೇಫ್ಟಿ ಗ್ಲೌಸ್, 500 ಡಜನ್’ ಅಂತ ಬರೆದರೆ ಪ್ರಶ್ನೆ ಬಂದೇ ಬರುತ್ತದೆ. ಹೆಣೆದದ್ದೋ ನೇಯ್ದದ್ದೋ, ಯಾವ ನೂಲು, ಯಾವ ಲೇಪ, ಎಲ್ಲಿವರೆಗೆ ಅಂತ ಬರೆದರೆ ಅರ್ಧ ಜಗಳ ಅಲ್ಲೇ ಕಡಿಮೆ.

ಬಂದರಿನಲ್ಲೇ ತಕರಾರು ಬಂದರೆ ತಾತ್ಕಾಲಿಕ ನಿರ್ಧಾರ ಕೇಳಬಹುದು. ಬಾಂಡ್, ಭದ್ರತೆ ಕೊಟ್ಟು ಮಾಲು ಬಿಡಿಸಿಕೊಂಡು, ಕೋಡ್ ಆಮೇಲೆ ತೀರ್ಮಾನ ಆಗಲಿ ಅನ್ನೋದು. ಕಂಟೇನರ್ ನಿಂತಷ್ಟು ದಿನ ಡೆಮರೇಜ್, ಅಂದರೆ ನಿಲುಗಡೆ ಬಾಡಿಗೆ, ಏರುವುದರಿಂದ ಇದು ಬಹಳ ಜನಕ್ಕೆ ಉಸಿರಾಡುವ ದಾರಿ.

ಮಾಲು ಮಾರಿ ಮುಗಿದ ಮೇಲೆ, ಆಡಿಟ್‌ನಲ್ಲಿ ತಕರಾರು ಏಳುವುದು ಇನ್ನೊಂದು ಬಗೆ. ಮಾಮೂಲಿ ತಪ್ಪಿಗೆ ಹಿಂದಿನ ಎರಡು ವರ್ಷದವರೆಗಿನ ಸುಂಕ ಕೇಳಬಹುದು. ಬೇಕಂತಲೇ ಸುಳ್ಳು ಹೇಳಿದ್ದಾರೆ, ಮುಚ್ಚಿಟ್ಟಿದ್ದಾರೆ ಅಂದರೆ ಐದು ವರ್ಷ. ಮೇಲೆ ವರ್ಷಕ್ಕೆ ಶೇ 15 ಬಡ್ಡಿ. ಮುಚ್ಚಿಟ್ಟ ಪ್ರಕರಣದಲ್ಲಿ ಸುಂಕದಷ್ಟೇ ದಂಡ. ಹಾಗಾಗಿ ಕೋಡ್ ತಪ್ಪೋ ಸರಿಯೋ ಅನ್ನುವಷ್ಟೇ ಜೋರಾಗಿ ‘ಮುಚ್ಚಿಟ್ಟರೋ ಇಲ್ಲವೋ’ ಅನ್ನುವ ವಾದವೂ ನಡೆಯುತ್ತದೆ. ಸರಕನ್ನು ಇದ್ದ ಹಾಗೆ ವಿವರಿಸಿ, ಇಂಥ ಹೆಡ್ಡಿಂಗ್ ಅಂತ ನಂಬಿ ಕೇಳಿದ್ದು ಸುಳ್ಳು ಹೇಳಿದಂತೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1998ರ ನಾರ್ದರ್ನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಬೇರೆ ಕೋಡ್‌ಗೆ ಬರುತ್ತದೆ ಅಂತ ಇಲಾಖೆ ಹೇಳಿದರೆ ಅದನ್ನು ಸಾಬೀತು ಮಾಡುವ ಹೊರೆ ಇಲಾಖೆಯದ್ದು, 2006ರ ಎಚ್‌ಪಿಎಲ್ ಕೆಮಿಕಲ್ಸ್ ತೀರ್ಪು ಇದನ್ನೇ ಹೇಳಿತು. ಆದರೆ ಅಧಿಸೂಚನೆಯ ರಿಯಾಯಿತಿ ಬೇಕು ಅಂತ ಕೇಳಿದರೆ ಹೊರೆ ಕೇಳಿದವರ ಮೇಲೆ. ಅಲ್ಲಿ ಅರ್ಥ ಅಸ್ಪಷ್ಟವಾದರೆ ಲಾಭ ಸರ್ಕಾರಕ್ಕೆ ಅಂತ 2018ರಲ್ಲಿ ದಿಲೀಪ್ ಕುಮಾರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಒಂದೇ ಗ್ಲೌಸಿಗೆ ಎರಡೂ ಪ್ರಶ್ನೆ ಒಟ್ಟಿಗೆ ಬರುವುದೂ ಉಂಟು.

ಆದೇಶ ವಿರುದ್ಧ ಬಂದರೆ 60 ದಿನದೊಳಗೆ ಮೇಲ್ಮನವಿ ಕಮಿಷನರ್ ಹತ್ತಿರ ಹೋಗಬೇಕು, ಸುಂಕದ ಶೇ 7.5 ಮೊದಲೇ ಕಟ್ಟಿ. ಅಲ್ಲೂ ಸೋತರೆ ಮೂರು ತಿಂಗಳೊಳಗೆ ಸೆಸ್ಟಾಟ್ ಅನ್ನುವ ನ್ಯಾಯಮಂಡಳಿಗೆ. ಅದರ ಒಂದು ಪೀಠ ಬೆಂಗಳೂರಿನಲ್ಲೇ ಇದೆ. ದರದ ಪ್ರಶ್ನೆ ಆದ್ದರಿಂದ ಅಲ್ಲಿಂದ ಮುಂದಿನ ಮೇಲ್ಮನವಿ ಹೈಕೋರ್ಟಿಗೆ ಅಲ್ಲ, ನೇರ ಸುಪ್ರೀಂ ಕೋರ್ಟಿಗೆ. ನಂಬರಿನ ಜಗಳ ದಿಲ್ಲಿಯವರೆಗೆ ಹೋಗುವುದು ಹೀಗೆ.

## ರೈಲ್ವೆ ರಿಲೇ ಹೇಳಿದ ಪಾಠ

ದಿಲ್ಲಿಯವರೆಗೆ ಹೋದ ಸುರಕ್ಷತಾ ಸಾಧನವೊಂದಿದೆ. ಇದು ಆಮದಿನದ್ದಲ್ಲ, ದೇಶದೊಳಗಿನ ಎಕ್ಸೈಸ್ (ತಯಾರಿಕೆಯ ಮೇಲಿನ ಸುಂಕ) ಪ್ರಕರಣ. ಆದರೆ ಎರಡೂ ಪಟ್ಟಿಗಳ ಬುನಾದಿ ಒಂದೇ ಆದ್ದರಿಂದ ಕಸ್ಟಮ್ಸ್‌ನವರೂ ಇದನ್ನು ಓದುತ್ತಾರೆ. ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಅನ್ನುವ ಕಂಪನಿ ರೈಲ್ವೆ ಸಿಗ್ನಲ್‌ಗೆ ಬೇಕಾದ ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್, ತಯಾರಿಸುತ್ತಿತ್ತು. 8608 ಅನ್ನುವ ಹೆಡ್ಡಿಂಗ್‌ನಲ್ಲಿ ರೈಲ್ವೆಯ ಸಿಗ್ನಲ್ ಮತ್ತು ‘ಸುರಕ್ಷತಾ’ ಉಪಕರಣ ಅಂತಲೇ ಬರೆದಿದೆ. ಕಂಪನಿ ಅದನ್ನೇ ಹೇಳಿತು. ಇಲಾಖೆ ಹೇಳಿದ್ದು 8536, ವಿದ್ಯುತ್ ರಿಲೇಗಳ ಸಾಲು. ವಿದ್ಯುತ್ ಸಾಧನಗಳನ್ನು ರೈಲ್ವೆಯ ‘ಭಾಗ’ ಅಂತ ಎಣಿಸಬಾರದು ಅನ್ನುವ ಟಿಪ್ಪಣಿ ಅವರ ಆಧಾರ.

2021ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಕಂಪನಿಯ ಕಡೆ ತೀರ್ಪು ಕೊಟ್ಟಿತು. ಈ ರಿಲೇಗಳಿಗೆ ಸಿಗ್ನಲ್ ಬಿಟ್ಟು ಬೇರೆ ಕೆಲಸ ಇಲ್ಲ, ಹಾಗಾಗಿ ಮುಖ್ಯ ಉಪಯೋಗವನ್ನು ನೋಡಬೇಕು ಅಂದಿತು. ಹೆಚ್ಚಾಗಿ ಉಪಯೋಗ ಕೇಳದ ಪಟ್ಟಿಯಲ್ಲೂ, ಟಿಪ್ಪಣಿ ಅವಕಾಶ ಕೊಟ್ಟ ಕಡೆ ಉಪಯೋಗ ಗೆಲ್ಲಬಹುದು ಅಂತಾಯಿತು. ಆದರೆ ಎಲ್ಲ ಬಿಡಿಭಾಗಗಳಿಗೂ ಈ ತೀರ್ಪನ್ನು ಎಳೆದು ಹಚ್ಚಬೇಡಿ ಅನ್ನುವ ಅರ್ಥದಲ್ಲಿ 2022ರ ಜನವರಿಯಲ್ಲಿ ಕೇಂದ್ರ ಕಸ್ಟಮ್ಸ್ ಮಂಡಳಿ ತನ್ನ ಅಧಿಕಾರಿಗಳಿಗೆ ಸೂಚನೆ ಕಳಿಸಿತು. ವಿಶೇಷವಾಗಿ ವಾಹನ ಬಿಡಿಭಾಗಗಳ ಬಗ್ಗೆ.

## ಮೊದಲೇ ಕೇಳಿಕೊಳ್ಳೋಕಾಗುತ್ತಾ?

ಆಗುತ್ತೆ. ಮಾಲು ತರಿಸುವ ಮೊದಲೇ ‘ಇದಕ್ಕೆ ಯಾವ ಕೋಡ್?’ ಅಂತ ಕೇಳೋಕೆ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರ ಇದೆ. 2021ರಿಂದ ದಿಲ್ಲಿ ಮತ್ತು ಮುಂಬೈನಲ್ಲಿ ಕೆಲಸ ಮಾಡುತ್ತಿದೆ. ಅರ್ಜಿಗೆ ಶುಲ್ಕ 10 ಸಾವಿರ ರೂಪಾಯಿ. ಮೂರು ತಿಂಗಳೊಳಗೆ ಉತ್ತರ ಕೊಡಬೇಕು ಅಂತ ಕಾನೂನು. ಉತ್ತರ ಕೆಲವು ವರ್ಷ ನಡೆಯುತ್ತದೆ, ನಡುವೆ ಕಾನೂನೋ ಸರಕೋ ಬದಲಾಗದಿದ್ದರೆ. ಕೇಳಿದವರಿಗೂ ಅವರ ಮಟ್ಟಿಗೆ ಅಧಿಕಾರಿಗಳಿಗೂ ಅದು ಕಟ್ಟುಪಾಡು. ಪಕ್ಕದ ಅಂಗಡಿಯವರು ತಂದ ತೀರ್ಪು ತೋರಿಸಿ ‘ನನಗೂ ಇದೇ’ ಅನ್ನೋಕಾಗಲ್ಲ, ವಾದಕ್ಕೆ ಬೆಂಬಲವಾಗಿ ಇಡಬಹುದು ಅಷ್ಟೇ. ಅದೇ ಪ್ರಶ್ನೆಯ ಮೇಲೆ ನಿಮಗೆ ಆಗಲೇ ಜಗಳ ಶುರುವಾಗಿದ್ದರೆ ಈ ಬಾಗಿಲು ಮುಚ್ಚಿರುತ್ತದೆ.

ಅರ್ಜಿ ಹಾಕಲಿ, ಹಾಕದೇ ಇರಲಿ, ಮಾರಾಟಗಾರನಿಂದ ಮೊದಲೇ ತರಿಸಿಕೊಳ್ಳಬೇಕಾದ ಕಾಗದ ಒಂದೇ ಥರ. ಗ್ಲೌಸಾದರೆ ನೂಲು ಯಾವುದು, ಲೇಪ ಯಾವುದು, ತೂಕದಲ್ಲಿ ಎಷ್ಟೆಷ್ಟು, ಹೆಣೆದು ಅದ್ದಿದ್ದೋ ಬಟ್ಟೆ ಕತ್ತರಿಸಿ ಹೊಲಿದದ್ದೋ. ಶೂವಾದರೆ ಮೇಲ್ಭಾಗದ ವಿಸ್ತೀರ್ಣದ ಲೆಕ್ಕ ಮತ್ತು ಬುರುಡೆ ಯಾವುದರದ್ದು ಅನ್ನೋದು. ಮಾಸ್ಕ್ ಆದರೆ ಫಿಲ್ಟರ್ ಬಿಚ್ಚಿ ಬದಲಾಯಿಸಬಹುದೋ ಇಲ್ಲವೋ. ಕ್ಯಾಟಲಾಗ್‌ನಲ್ಲಿ ಹೊಳೆಯುವ ಫೋಟೋ ಇರುತ್ತದೆ, ಈ ವಿವರ ಇರುವುದಿಲ್ಲ. ಒಂದು ಜೊತೆ ಸ್ಯಾಂಪಲ್ ತರಿಸಿ, ಒಂದನ್ನು ಕತ್ತರಿಯಲ್ಲಿ ಸೀಳಿ, ಒಳ ಪದರ ಕಾಣುವ ಹಾಗೆ ಫೋಟೋ ತೆಗೆದು ಫೈಲಿನಲ್ಲಿಡಿ. ತೆರೆಯ ಆಚೆ ಕೂತ ಅಧಿಕಾರಿಗೆ ಅದು ಗ್ಲೌಸನ್ನೇ ಕೈಗೆ ಕೊಟ್ಟ ಹಾಗೆ.

ಇನ್ನೊಂದು ತಾರೀಖು ಬರೆದಿಟ್ಟುಕೊಳ್ಳಿ. ಬ್ರಸೆಲ್ಸ್‌ನ ಪುಸ್ತಕ ಸುಮಾರು ಐದು ವರ್ಷಕ್ಕೊಮ್ಮೆ ಪರಿಷ್ಕಾರ ಆಗುತ್ತದೆ. ಈಗ ನಡೆಯುತ್ತಿರೋದು 2022ರ ಆವೃತ್ತಿ. ಅದರಲ್ಲಿ ಆಸ್ಪತ್ರೆ ಬಳಕೆಯ ರಬ್ಬರ್ ಗ್ಲೌಸ್ 4015 11ರಿಂದ 4015 12ಕ್ಕೆ ಮನೆ ಬದಲಾಯಿಸಿತು. ಮುಂದಿನ ಆವೃತ್ತಿ 2028ರ ಜನವರಿ 1ಕ್ಕೆ ಜಾರಿಯಾಗುತ್ತದೆ. ಅವತ್ತು ಬಂದರಿಗೆ ಬಂದು ನಿಲ್ಲುವ ಕಂಟೇನರಿಗೆ ಹಳೇ ಬಿಲ್ ನೋಡಿ ಕೋಡ್ ಬರೆದರೆ ಆಗಲ್ಲ.